ಕಿಟಕಿ ಹಿಂದಿನ ಕಾರಕೂನರು, ಹದಿನಾರರ ಹುಡುಗಿ

ಕಾರಕೂನ್ ಮಾಮಾ ತೀರಿಕೊಂಡ ಮೇಲೆ ಅವರ ಮನೆಗೆ ಮಾತಾಡಿಸಲು ಬಂದಿದ್ದ ನೆಂಟರೊಬ್ಬರು ಗೋಡೆಯ ಕಪಾಟಿನಲ್ಲಿದ್ದ ಪುಸ್ತಕಗಳನ್ನು ತಿರುವಿ ನೋಡಿ, "ಮೊಮ್ಮಕ್ಕಳ ಪುಸ್ತಕ ಎಲ್ಲ ಇಲ್ಲೇ ಬಿಟ್ಟು ಹೋಗಿದಾರಲ್ಲ" ಎಂದರು. ಮಾಮಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಮೊಮ್ಮಕ್ಕಳದ್ದಲ್ಲ. ಅವರದ್ದೇ" ಎಂದರು. ಆಗ ಆ ನೆಂಟರ ಮುಖ ನೋಡಬೇಕಿತ್ತು. ತೀರಿಕೊಂಡವರ ಬಗ್ಗೆ ನಗಬಾರದು, ಆದರೆ ನಗು ತಡೆಯಲೂ ಆಗುತ್ತಿಲ್ಲ ಅನ್ನುವಂಥ ಮುಖ. ಆ ಮುಖಕ್ಕೊಂದು ಉತ್ತರ ಕೊಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಪುಸ್ತಕಗಳು ಎಂಥವು ಎಂದು ಹೇಳಿಬಿಡುತ್ತೇನೆ. ಮುಂದೆ ಎಂದೋ ಬರಲಿರುವ ಕಾಲ. ಭಯಂಕರ ಸರಕಾರ. ಊರ ಸುತ್ತ ಎತ್ತರದ ಗೋಡೆ. ಯಾರು ಏನು ತಿನ್ನಬೇಕು, ಯಾರನ್ನು ಮದುವೆಯಾಗಬೇಕು, ಎಲ್ಲದಕ್ಕೂ ನಿಯಮ. ಅದಕ್ಕೆಲ್ಲ ತಿರುಗಿ ಬೀಳುವುದು ಒಬ್ಬಳು ಹದಿನೈದು ಹದಿನಾರು ವರ್ಷದ ಹುಡುಗಿ, ಇಲ್ಲವೆ ಒಬ್ಬ ಹುಡುಗ. ಇಂಗ್ಲಿಷಿನಲ್ಲಿ ಇವಕ್ಕೆ ಡಿಸ್ಟೋಪಿಯನ್ ಕಾದಂಬರಿ ಎನ್ನುತ್ತಾರೆ. ಹದಿಹರೆಯದವರಿಗೆಂದೇ ಬರೆದವು. ನನಗೆ ಇಂಗ್ಲಿಷ್ ಕಲಿಸಿದ್ದೇ ಇವು. ಕಾಲೇಜಿನಲ್ಲಿ ಆ ವಿಷಯದಲ್ಲಿ ನಾನು ಹೇಗೋ ಪಾಸಾದವಳು. ಆಮೇಲೆ ಮೊಬೈಲಿನಲ್ಲಿ ಒಂದು ಕಾದಂಬರಿ ಶುರು ಮಾಡಿ, ಗೊತ್ತಿಲ್ಲದ ಶಬ್ದಗಳನ್ನೆಲ್ಲ ಹಾರಿಸಿಕೊಂಡು ಓದುತ್ತ ಓದುತ್ತ, ಹಾರಿಸುವುದೇ ಕಮ್ಮಿಯಾಯಿತು. ಈಗ ಯಾರು ಸಿಕ್ಕರೂ ಇದರ ಬಗ್ಗೆಯೇ ಮಾತಾಡುತ್ತೇನೆ. ಮನೆಯಲ್ಲಿ ಬೈಯುತ್ತಾರೆ.

ನಮ್ಮ ಕೇರಿ ಹಟ್ಟಿಕೇರಿಯ ಹತ್ತಿರ. ನಾನು ಕೆಲಸ ಮಾಡುವ ಫೋಟೋ ಸ್ಟುಡಿಯೋ ಕಾರವಾರದಲ್ಲಿ. ದಿನವೂ ಬೆಳಿಗ್ಗೆ ಅದೇ ಬಸ್ಸು. ಮಾಮಾ ಪಿಂಚಣಿ ಕೆಲಸಕ್ಕೋ ಕಣ್ಣು ತೋರಿಸಲಿಕ್ಕೋ ಅದೇ ಬಸ್ಸಿಗೆ ಹತ್ತುತ್ತಿದ್ದರು. ಇಡೀ ನೌಕರಿಯನ್ನು ಒಂದು ಸರಕಾರಿ ಕಚೇರಿಯ ಆವಕ ವಿಭಾಗದಲ್ಲಿ, ಅಂದರೆ ಜನ ತಂದ ಅರ್ಜಿ ತೆಗೆದುಕೊಂಡು ಠಸ್ಸೆ ಹೊಡೆಯುವ ಕಿಟಕಿಯ ಹಿಂದೆ ಕಳೆದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಕೇರಿಗೆಲ್ಲ ಅವರು ಕಾರಕೂನರೇ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತು ಕಮ್ಮಿ. ಅವರ ಕೈಯಲ್ಲಿ ಯಾವಾಗಲೂ ಒಂದು ಪುಸ್ತಕ ಇರುತ್ತಿತ್ತು. ಶಾಲೆ ಮಕ್ಕಳು ಹಾಕುವ ಹಾಗೆ ಅದಕ್ಕೆ ಹಳೆ ಪೇಪರಿನ ಹೊದಿಕೆ. ಭಗವದ್ಗೀತೆ ಇರಬೇಕು ಎಂದುಕೊಂಡಿದ್ದೆ.

ಒಂದು ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ "ಫುಡೆ ಸರಾ, ಫುಡೆ!" ಎಂದು ಎಲ್ಲರನ್ನೂ ಮುಂದೆ ತಳ್ಳಿದ ಹೊಡೆತಕ್ಕೆ ನಾನು ಹೋಗಿ ಮಾಮಾನ ಸೀಟಿಗೆ ಒರಗಿ ನಿಂತೆ. ಕಣ್ಣು ಪುಟದ ಮೇಲೆ ಬಿತ್ತು. ಎರಡು ಸಾಲು ಓದಿದ್ದೇ ತಡ, ಬಾಯಿ ತಡೆಯಲಿಲ್ಲ.

"ಮಾಮಾ! ಇದು ಆ ಗೋಡೆ ಒಡೆಯೋ ಹುಡುಗೀದಲ್ವಾ? ಎರಡನೇ ಭಾಗ!"

ಮಾಮಾ ಪುಸ್ತಕ ಪಟ್ಟನೆ ಮುಚ್ಚಿ ಅತ್ತ ಇತ್ತ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಸಣ್ಣಕ್ಕೆ ಹೇಳೆ ಮಾರಾಯ್ತಿ. ಅವಳ ತಮ್ಮ ಬದುಕ್ತಾನಾ ಇಲ್ವಾ, ಅದೊಂದು ಮಾತ್ರ ಹೇಳ್ಬೇಡ" ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ನಾನು ಮೊಬೈಲಿನಲ್ಲಿ ಓದುವವಳು, ಅವರಿಗೆ ಕಾಗದವೇ ಬೇಕು. ಕಾರವಾರದಲ್ಲಿ ಹಳೆ ಪುಸ್ತಕ ಎಲ್ಲಿ ರಾಶಿ ಹಾಕಿದರೂ ಇಂಥದ್ದನ್ನು ಹೆಕ್ಕಿ ತಂದು ಕೊಡುವುದು ನನ್ನ ಕೆಲಸವಾಯಿತು. ಇಂಥವನ್ನೇ ಯಾಕೆ ಓದುತ್ತೀರಿ ಎಂದು ಕೇಳಿದ್ದಕ್ಕೆ ಮೊದಲ ದಿನ ಅವರು ಕೊಟ್ಟ ಉತ್ತರ ತೀರಾ ಸಾದಾ: "ದೊಡ್ಡವರ ಇಂಗ್ಲಿಷ್ ಪುಸ್ತಕಕ್ಕೆ ಮಗ್ಗಲಲ್ಲಿ ಡಿಕ್ಷನರಿ ಇಟ್ಕಳ್ಬೇಕು. ನಂಗೆ ಬರೂದು ಸರಕಾರಿ ಪತ್ರದ ಇಂಗ್ಲಿಷ್. ಇದು ಸಸಾರ ಓದ್ಸಿಕೊಂಡು ಹೋಗ್ತದೆ."

ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅವರು ಓದುವ ಕ್ರಮವೇ ಬೇರೆ. ಹುಡುಗಿ ಯಾರನ್ನು ಪ್ರೀತಿಸುತ್ತಾಳೆ ಎನ್ನುವ ಪುಟ ಬಂದರೆ ಕನ್ನಡಕ ತೆಗೆದು ಒರೆಸುತ್ತ ಕೂರುತ್ತಿದ್ದರು, ಒರೆಸುವುದು ಮುಗಿಯುವಷ್ಟರಲ್ಲಿ ಎರಡು ಪುಟ ದಾಟಿಬಿಡುತ್ತಿದ್ದರು. ಆದರೆ ದುಷ್ಟ ಸರಕಾರದ ಕಚೇರಿ ಬಂದರೆ ಒಂದಕ್ಷರ ಬಿಡುತ್ತಿರಲಿಲ್ಲ. ಓದಿ ಸಿಟ್ಟಾಗುತ್ತಿದ್ದರು. "ಇವರ ಆಡಳಿತ ನೋಡು! ಊರಿನ ಎಲ್ಲಾ ಮಕ್ಕಳನ್ನ ಒಂದೇ ದಿವ್ಸ ಕರೀತಾರಂತೆ, ಒಂದೇ ಬಾಗಿಲು. ಟೋಕನ್ ಇಲ್ಲ. ಆವಕದಲ್ಲಿ ಯಾರಿದ್ರು? ಇಂಥಾ ಸರಕಾರ ಎರಡು ವಾರ ನಡಿಯೂದಿಲ್ಲ ತಂಗಿ. ಇದನ್ನ ಬೀಳ್ಸೂಕೆ ಆ ಹುಡ್ಗಿ ಬೇಡ, ಅದೇ ಬೀಳ್ತದೆ."

ನನ್ನದೂ ಒಂದು ಸಿದ್ಧಾಂತ ಇತ್ತು. ದೊಡ್ಡವರಿಗೆ ದಿನವಿಡೀ ಅದೂ ಸರಿ ಇದೂ ಸರಿ ಎನ್ನುವ ಗೊಂದಲ, ಅದಕ್ಕೇ ಯಾರು ಒಳ್ಳೆಯವರು ಯಾರು ಕೆಟ್ಟವರು ಎಂದು ಖಡಕ್ಕಾಗಿ ಹೇಳುವ ಕತೆ ಹಿತವಾಗುತ್ತದೆ ಎಂದು. ಬಹಳ ಯೋಚನೆ ಮಾಡಿ ತಯಾರಿಸಿದ್ದ ಸಿದ್ಧಾಂತ. ಬಸ್ಸಿನಲ್ಲಿ ಅವರ ಮುಂದೆ ಇಟ್ಟೆ. ಮಾಮಾ ತಲೆ ಅಲ್ಲಾಡಿಸಿದರು.

"ಅಲ್ಲ. ದೊಡ್ಡವರ ಕಾದಂಬರಿ ತೆಗಿ. ಅದರಲ್ಲಿ ಎಲ್ಲರಿಗೂ ಎಲ್ಲಾ ಗೊತ್ತು, ಯಾರೂ ಎಂತದೂ ಮಾಡೂದಿಲ್ಲ. ಇದರಲ್ಲಿ ಆ ಹುಡ್ಗಿಗೆ ಎಂತದೂ ಗೊತ್ತಿಲ್ಲ, ಎಲ್ಲಾ ಮಾಡ್ತದೆ."

ಅಷ್ಟರಲ್ಲಿ ಬಸ್ಸು ಅರ್ಗಾದ ನೌಕಾನೆಲೆಯ ಉದ್ದನೆಯ ಗೋಡೆಯ ಪಕ್ಕ ಓಡುತ್ತಿತ್ತು. ನಮ್ಮ ಮುಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತಿದ್ದ ಮಗು "ಆಚೆಗೆ ಎಂತ ಅದೆ?" ಎಂದು ಒಂದೇ ಸಮನೆ ಕೇಳುತ್ತಿತ್ತು. ಅಜ್ಜಿ ಚೀಲದಲ್ಲಿ ಚಿಲ್ಲರೆ ಹುಡುಕುತ್ತಿದ್ದಳು. "ಕೇಳ್ಸ್ತಾ?" ಎಂದರು ಮಾಮಾ. "ದಿನಾ ಹೋಗ್ತೆವಲ್ಲ, ನಮಗೆ ಈ ಗೋಡೆ ಅಂದ್ರೆ ಕಾರವಾರ ಹತ್ರ ಬಂತು ಅಂತ ಮಾತ್ರ. ಸಣ್ಣಿರುವಾಗ ಯಾವ ಗೋಡೆ ಕಂಡ್ರೂ ನಾನೂ ಹಿಂಗೇ ಕೇಳ್ತಿದ್ದೆ. ಯಾವಾಗ ನಿಲ್ಸಿದೆ ಅಂತ ನೆನಪಿಲ್ಲ. ಆ ಪುಸ್ತಕ ಓದೂಕೆ ಕೂತ್ರೆ ಮತ್ತೆ ಕೇಳ್ಬೇಕು ಅನ್ನಿಸ್ತದೆ."

ಇನ್ನೊಂದು ಮಾತು ಅವರು ಹೇಳಿದ್ದು ಬಸ್ಸಿನಲ್ಲಲ್ಲ, ಅವರ ಮನೆಯ ಜಗಲಿಯಲ್ಲಿ. ಒಂದು ಕಾದಂಬರಿ ಮುಗಿಸಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. "ಇದರಲ್ಲಿ ನಾ ಯಾರು ಗೊತ್ತಾ ತಂಗಿ? ನೀ ಓದುವಾಗ ಆ ಹುಡುಗಿ ಆಗ್ತೆ. ನಾ ಓದುವಾಗ ಮೂವತ್ತನೇ ಪುಟದಲ್ಲಿ ಒಬ್ಬ ಬರ್ತಾನೆ ನೋಡು, ಕಿಟಕಿ ಹಿಂದೆ ಕೂತು 'ಮುಂದಿನವರು' ಅಂತಾನೆ, ಹೆಸರೂ ಇಲ್ಲ ಅವಂಗೆ. ಅವ ನಾನು. ಕೆಟ್ಟವ ಅಲ್ಲ ಅವ. ಅಂಥಾ ಸರಕಾರ ಬಂದ್ರೆ ನಂಗೆ ಮೊದಲ ದಿವ್ಸವೇ ಕೆಲಸ ಕೊಡ್ತಾರೆ, ನಾ ಚೆನ್ನಾಗೇ ಮಾಡ್ತೆ. ಅದೇ ನಂಗೆ ಹೆದ್ರಿಕೆ."

ಒಳಗಿನಿಂದ ಮಾಮಿ ಕೂಗಿದರು: "ಹೆದ್ರಿಕೆ ಆಗೂದಾದ್ರೆ ಹುಡುಗರ ಪುಸ್ತಕ ಎಂತಕ್ಕೆ ಓದೂದು? ಅಕ್ಕಿ ಆರಿಸ್ಕೊಡಿ ಬನ್ನಿ."

ಇನ್ನು ಹಗರಣದ ವಿಷಯಕ್ಕೆ ಬರುತ್ತೇನೆ. ಅಂಕೋಲೆಯ ಕಡೆಯವರಿಗೆ ಹೇಳಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಹೋಳಿಯ ಹೊತ್ತಿಗೆ ನಮ್ಮಲ್ಲಿ ಸುಗ್ಗಿ ಕುಣಿತದ ಜೊತೆ ಹಗರಣ ಹೊರಡುತ್ತದೆ. ಗಂಡಸರೆಲ್ಲ ವೇಷ ಕಟ್ಟಿ ಬೀದಿಗಿಳಿದು, ಆ ವರ್ಷ ಊರಲ್ಲಿ ದೇಶದಲ್ಲಿ ಏನೇನು ಆಯಿತೋ ಅದನ್ನೆಲ್ಲ ಗೇಲಿ ಮಾಡುತ್ತಾರೆ. ಡಾಕ್ಟರು, ಪೊಲೀಸು, ಸಾಹೇಬರು, ಯಾರನ್ನೂ ಬಿಡುವುದಿಲ್ಲ. ಗೇಲಿಗೆ ಒಳಗಾದವರು ಸಿಟ್ಟಾಗುವಂತಿಲ್ಲ. ಮಾಮಾ ನೌಕರಿಯಲ್ಲಿದ್ದಷ್ಟು ವರ್ಷವೂ ಹಗರಣವನ್ನು ದಾರಿ ಬದಿಗೆ ನಿಂತು ನೋಡಿದವರು. ಅದರಲ್ಲಿ ಪ್ರತಿ ಸಲ ಒಬ್ಬ ಕಾರಕೂನನ ವೇಷ ಇರುತ್ತಿತ್ತು. ಬಾಯಿ ತುಂಬ ಎಲೆ ಅಡಿಕೆ, ಕೈಯಲ್ಲಿ ದೊಡ್ಡ ಠಸ್ಸೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಮಾಮಾನೂ ನಗುತ್ತಿದ್ದರು. ಆದರೆ ಒಂದೇ ಒಂದು ಸಲ ತಾನೂ ಆ ಮೆರವಣಿಗೆಯ ಒಳಗಿರಬೇಕು, ವೇಷ ಕಟ್ಟಿ ಅಂಕೋಲೆ ಪೇಟೆಯಲ್ಲಿ ನಡೆಯಬೇಕು ಎನ್ನುವ ಆಸೆ ಅವರಿಗೆ ಹುಡುಗನಾಗಿದ್ದಾಗಿನಿಂದ ಇತ್ತು. ಸರಕಾರಿ ನೌಕರ ಸರಕಾರವನ್ನು ಗೇಲಿ ಮಾಡುವುದು ಹೇಗೆ? ಮಾಡಲಿಲ್ಲ. ನಿವೃತ್ತಿಯಾದ ಮೇಲೆ ಕೇಳಲು ನಾಚಿಕೆ.

ನಾನು ಬಿಡಲಿಲ್ಲ. ನಮ್ಮ ಕೇರಿಯ ಹಗರಣ ಕಟ್ಟುವವನು ಬಡಗಿ ಬೀರಣ್ಣ. ಅವನ ಕೊಟ್ಟಿಗೆಗೆ ಮಾಮಾನನ್ನು ಎಳೆದುಕೊಂಡೇ ಹೋದೆ. ಮಾಮಾ ತಮ್ಮ ಯೋಚನೆ ಹೇಳಿದರು. ಈ ಸಲದ ಹಗರಣ ಆಗಿಹೋದದ್ದರ ಮೇಲೆ ಬೇಡ, ಮುಂದೆ ಬರುವ ಸರಕಾರದ ಮೇಲೆ ಮಾಡೋಣ. ಆ ಸರಕಾರದಲ್ಲಿ ನಗಬೇಕಾದರೆ ಪರವಾನಗಿ ಬೇಕು. ಮರದ ಒಂದು ಕಿಟಕಿ ಚೌಕಟ್ಟು, ಹಿಂದೆ ಒಬ್ಬ ಕಾರಕೂನ. ಕಾರಣ ಕೊಟ್ಟವರಿಗೆ ಮಾತ್ರ ನಗು ಮಂಜೂರು.

ಬೀರಣ್ಣ ಉಳಿ ಕೆಳಗಿಟ್ಟ. "ಕಾರಕೂನ್ರೆ, ಆದದ್ದಕ್ಕೆ ಜನ ನಗ್ತಾರೆ. ಆಗದೆ ಇದ್ದದ್ದಕ್ಕೆ ಯಾರು ನಗ್ತಾರ್ರಾ?"

"ಪುಸ್ತಕದಲ್ಲಿ ಹಂಗೇ ಮಾಡ್ತಾರೆ ಬೀರ. ಆಗದೆ ಇದ್ದದ್ದು ಬರೀತಾರೆ, ಓದಿದವ್ರಿಗೆ ಇಂದಿನದ್ದು ಕಾಣ್ತದೆ."

"ಪುಸ್ತಕ ನಗದೆ ಇದ್ರೆ ಮುಚ್ಚಿಡ್ಬಹುದು. ಹಗರಣಕ್ಕೆ ನಗದೆ ಇದ್ರೆ ನಮ್ಮ ಕೇರಿ ಮಾನ ಹೋತದೆ." ಬೀರಣ್ಣ ಸ್ವಲ್ಪ ಹೊತ್ತು ಕಿವಿ ಕೆರೆದುಕೊಂಡ. "ಒಂದ್ ಕೆಲ್ಸ ಮಾಡ್ವ. ಈ ಸಲ ಮಂಜಗುಣಿಯವರು ಕರೆದಾರೆ, ಅಂಕೋಲೆ ಪೇಟೆಗೆ ಹೋಗೂ ಮೊದ್ಲು ಅಲ್ಲಿ ಆಡ್ವ. ಅಲ್ಲಿ ನಕ್ರೆ ನೀವು ಪೇಟೆಗೂ ಬನ್ನಿ. ನಗ್ಲಿಲ್ಲ ಅಂದ್ರೆ ನಾ ಹಳೇ ವೇಷವೇ ಹೊರಡ್ಸ್ತೆ, ನೀವು ಮನೆಗೆ ಹೋಗಿ. ಬೇಜಾರ್ ಮಾಡ್ಕಬೇಡಿ."

ಮಾಮಾ ಒಪ್ಪಿಕೊಂಡರು. ಮನೆಗೆ ಬಂದು ಗೇಟು ತೆಗೆಯುವಾಗ, "ಇದೊಂದು ಸಲ ಆಗದೆ ಇದ್ರೆ ಇನ್ನು ಆಗೂದಿಲ್ಲ ತಂಗಿ" ಎಂದರು.

ಟೆಂಪೋದಲ್ಲಿ ಮಂಜಗುಣಿಗೆ ಹೋದೆವು. ಅಲ್ಲಿನ ದೇವರಿಗೆ ಹಣ್ಣುಕಾಯಿ ಮಾಡಿಸಬೇಕೆಂದು ಮಾಮಿ ಮತ್ತು ಕೇರಿಯ ಹೆಂಗಸರೂ ಹಿಂದಿನ ಸೀಟಿನಲ್ಲಿದ್ದರು. ಮಾಮಾ ಒಂದು ಹಟ ಹಿಡಿದರು: ವಾದ್ಯ ಆಮೇಲೆ ಬರಲಿ, ಕಿಟಕಿ ಮೊದಲು ಹೋಗಬೇಕು. ಬೋರ್ಡೂ ಬೇಡ. "ಬೋರ್ಡ್ ಇಲ್ಲದ ಕಿಟಕಿ ಮುಂದೇ ಜನ ಹೆಚ್ಚು ನಿಲ್ತಾರೆ. ನಂಗೆ ಗೊತ್ತು." ಬಯಲಿನ ಮರದ ಕೆಳಗೆ ಚೌಕಟ್ಟು ನಿಲ್ಲಿಸಿ, ಮುಖಕ್ಕೆ ತೆಳ್ಳಗೆ ಬಿಳಿ ಬಣ್ಣ ಬಳಿದುಕೊಂಡು ಹಿಂದೆ ಕೂತರು. ನಮ್ಮ ಹುಡುಗರು ಇಬ್ಬರು ಸುಮ್ಮನೆ ಎದುರಿಗೆ ನಿಂತರು.

ಆಮೇಲೆ ಆದದ್ದನ್ನು ಬೀರಣ್ಣನೂ ಎಣಿಸಿರಲಿಲ್ಲ, ಮಾಮಾನೂ ಎಣಿಸಿರಲಿಲ್ಲ.

ಹಗರಣ ನೋಡಲು ಬರುತ್ತಿದ್ದವರು ಕಿಟಕಿ ಕಂಡರು, ಎದುರಿಗೆ ಇಬ್ಬರು ನಿಂತದ್ದು ಕಂಡರು, ಹೋಗಿ ಅವರ ಹಿಂದೆ ನಿಂತರು. ಅವರ ಹಿಂದೆ ಇನ್ನಷ್ಟು ಜನ. ಯಾವುದೋ ಕಾರ್ಡು ಮಾಡಿಕೊಡುತ್ತಾರಂತೆ ಎಂದು ಸುದ್ದಿ ಹಬ್ಬಿತು. ಮನೆಗೆ ಓಡಿ ಆಧಾರ್ ಕಾರ್ಡು, ರೇಷನ್ ಕಾರ್ಡು ತಂದವರೂ ಇದ್ದರು. ಸಾಲು ಮರದ ನೆರಳು ದಾಟಿ ಬಿಸಿಲಿಗೆ ಬಂತು.

ಕಿಟಕಿಗೆ ಮೊದಲು ಬಂದವನು ಲುಂಗಿ ಉಟ್ಟ ಒಬ್ಬ ಗಂಡಸು. "ಇದು ಎಂತದ್ದರದ್ದು ಸಾಹೇಬ್ರೆ?"

"ನಗುವ ಪರವಾನಗಿ" ಎಂದರು ಮಾಮಾ, ಇಡೀ ಜೀವಮಾನ ಮಾತಾಡಿದ ಅದೇ ದನಿಯಲ್ಲಿ. "ವರ್ಷಕ್ಕೆ ಎಷ್ಟು ಸಲ ನಗ್ತೀರಿ?"

ಇಲ್ಲಿ ಅವನು ನಗಬೇಕಿತ್ತು. ಅವನು ಯೋಚಿಸಿದ. "ಮನೇಲಿ ಐದು ಜನ ಸಾಹೇಬ್ರೆ. ಎಲ್ಲರದ್ದೂ ಬೇರೆ ಬೇರೆ ಮಾಡ್ಬೇಕಾ, ಒಂದರಲ್ಲೇ ಆಗ್ತದಾ?"

ಅವನ ಹಿಂದಿನ ಹೆಂಗಸು ಕತ್ತು ಚಾಚಿ, "ಝೆರಾಕ್ಸ್ ಬೇಕಾ ಇದಕ್ಕೆ?" ಎಂದಳು. ಅವಳ ಹಿಂದಿನವನು, "ನಮ್ದು ಹೋದ ವರ್ಷ ಮಾಡ್ಸಿದ್ದದೆ, ಅದೇ ನಡೀತದಾ?" ಎಂದ.

ಮಾಮಾ ಅಷ್ಟು ಸರಿಯಾದ ಕಾರಕೂನ ಆಗಿದ್ದರು. ಬೀರಣ್ಣ ಟೆಂಪೋಗೆ ಒರಗಿ ನಿಂತು, "ಮುಗೀತು, ಎಲ್ಲಾ ಮಣ್ಣಾಯ್ತು" ಎಂದು ಹಳೇ ವೇಷಗಳ ಗಂಟು ಬಿಚ್ಚತೊಡಗಿದ. ಕಿಟಕಿಯ ಒಳಗೆ ಬಿಳಿ ಬಣ್ಣದ ಕೆಳಗೆ ಮಾಮಾನ ಮುಖ ಇಳಿದುಹೋಗಿದ್ದು ನನಗೆ ದೂರದಿಂದಲೂ ಗೊತ್ತಾಗುತ್ತಿತ್ತು. ಪರವಾನಗಿ ಎಂದರೆ ಜನ ನಗಾಡುತ್ತಾರೆ ಎಂದುಕೊಂಡಿದ್ದರು, ಇವರು ಕೊಡಿ ಎಂದು ಕೈ ಚಾಚುತ್ತಿದ್ದಾರೆ. ಆದರೂ ದನಿ ಬಿಡದೆ, "ಮುಂದಿನವರು" ಎಂದರು.

ಆಗ ಮಾಮಿ ಹಣ್ಣುಕಾಯಿ ಬುಟ್ಟಿಯನ್ನು ನನ್ನ ಕೈಗೆ ತುರುಕಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಡೀ ಸಾಲನ್ನು ಬದಿಯಿಂದ ದಾಟಿ ನೇರ ಕಿಟಕಿಗೆ ಹೋಗಿ ನಿಂತರು.

"ನಂದೂ ಒಂದು ಅರ್ಜಿ ಅದೆ."

ಮಾಮಾ ಒಂದು ಗಳಿಗೆ ತಬ್ಬಿಬ್ಬಾದರು. "ಸಾಲಲ್ಲಿ ಬನ್ನಿ."

"ಬರೂದಿಲ್ಲ."

ಸಾಲಿನಲ್ಲಿ ಗುಜುಗುಜು ಎದ್ದಿತು. ಯಾರೋ "ಏ ಅಮ್ಮಾ, ನಾವೆಂತ ಮರುಳರಾ ಇಲ್ಲಿ ನಿಂತವರು?" ಎಂದು ಕೂಗಿದರು. ಮಾಮಿ ತಿರುಗಿಯೂ ನೋಡಲಿಲ್ಲ.

ಮಾಮಾ ಪೆನ್ನು ಎತ್ತಿಕೊಂಡರು. "ಗಂಡನ ಹೆಸರು?"

ನಮ್ಮ ಕಡೆ ಆ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಯಾವ ಕಚೇರಿಗೆ ಹೋದರೂ ಪಕ್ಕದವರ ಹತ್ತಿರ ಹೇಳಿಸುತ್ತಾರೆ. ಮಾಮಿ ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡರು.

"ನಾ ಹೇಳೂದಿಲ್ಲ. ಕಿಟಕಿ ಒಳಗೆ ಕೂತವ್ರಿಗೆ ಗೊತ್ತದೆ, ಅವ್ರನ್ನೇ ಕೇಳಿ."

ಸಾಲಿನ ಹೆಂಗಸರಿಗೆ ಮೊದಲು ಹೊಳೆಯಿತು. "ಅಯ್ಯಯ್ಯೋ, ಇವಳ ಗಂಡನೇ ಕಣೇ ಅವ!" ಎಂದು ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಮಾಮಾ ಮಾತ್ರ ಮುಖ ಸಡಿಲಿಸಲಿಲ್ಲ.

"ನಗಲು ಕಾರಣ?"

"ಕಾರಣ ನನ್ನ ಎದ್ರಿಗೇ ಕೂತದೆ, ಮುಖಕ್ಕೆ ಸುಣ್ಣ ಬಳ್ಕಂಡು!" ಎಂದ ಮಾಮಿ ಸಾಲಿನ ಕಡೆ ತಿರುಗಿದರು. "ಎಂತ ನಿಂತಿದ್ರಿ ಎಲ್ಲಾ ಕಾರ್ಡ್ ಹಿಡ್ಕಂಡು? ನಗೂಕೆ ಇವರನ್ನ ಕೇಳೂದಾ? ಮನೇಲಿ ನಾನೇ ಕೇಳೂದಿಲ್ಲ!"

ಅಷ್ಟೇ. ಬಯಲಿಗೆ ಬಯಲೇ ನಕ್ಕಿತು. ಅಂಥ ನಗು ನಾನು ಯಾವ ಹಗರಣದಲ್ಲೂ ಕೇಳಿರಲಿಲ್ಲ. ಜನ ವೇಷ ನೋಡಿ ನಗುತ್ತಿರಲಿಲ್ಲ, ತಮ್ಮ ಕೈಯಲ್ಲಿದ್ದ ಕಾರ್ಡು ನೋಡಿಕೊಂಡು ನಗುತ್ತಿದ್ದರು. ಆ ಲುಂಗಿಯವನಂತೂ ನೆಲಕ್ಕೆ ಕೂತು, "ಐದು ಜನರದ್ದು ಬೇರೆ ಬೇರೆ ಮಾಡ್ಸೂಕೆ ಹೊರಟಿದ್ನಲ್ರೋ!" ಎಂದು ಹೊಟ್ಟೆ ಹಿಡಿದುಕೊಂಡ. ಸಾಲು ಚದುರಲಿಲ್ಲ, ಗುಂಪಾಯಿತು. ಪರವಾನಗಿ ಇಲ್ಲದೆ ನಕ್ಕು ತೋರಿಸಲು ಒಬ್ಬೊಬ್ಬರಾಗಿ ಕಿಟಕಿಯ ಮುಂದೆ ಬರತೊಡಗಿದರು. ಮಾಮಾ ಎಲ್ಲರಿಗೂ "ತಿರಸ್ಕರಿಸಲಾಗಿದೆ! ತಿರಸ್ಕರಿಸಲಾಗಿದೆ!" ಎಂದು ಗುಡುಗಿದಷ್ಟೂ ನಗು ಜೋರಾಯಿತು. ಕೊನೆಗೆ ಅವರ ಕಣ್ಣಲ್ಲೂ ನೀರು ಸುರಿದು ಬಿಳಿ ಬಣ್ಣದಲ್ಲಿ ದಾರಿ ಬಿತ್ತು. ವಾದ್ಯದವರು ಓಡಿ ಬಂದರು. ಬೀರಣ್ಣ ಹಳೇ ವೇಷಗಳ ಗಂಟನ್ನು ಮತ್ತೆ ಕಟ್ಟಿ ಟೆಂಪೋದೊಳಗೆ ಎಸೆದ.

"ಹತ್ತಿ ಕಾರಕೂನ್ರೆ, ಪೇಟೆಗೆ ಹೊತ್ತಾಯ್ತು!"

ಆ ವರ್ಷ ಅಂಕೋಲೆ ಪೇಟೆಯಲ್ಲಿ ಅವರು ವೇಷ ಕಟ್ಟಿ ನಡೆದರು. ಪಕ್ಕದಲ್ಲಿ ಮಾಮಿ ಇರಲಿಲ್ಲ, ಹೆಂಗಸರು ಹಗರಣದಲ್ಲಿ ನಡೆಯುವ ಕ್ರಮ ಇಲ್ಲ. ಆದರೆ ಮೆರವಣಿಗೆ ಎಲ್ಲಿ ತಿರುಗಿದರೂ ಅಲ್ಲಿನ ಅಂಗಡಿ ಮೆಟ್ಟಿಲ ಮೇಲೆ ಮಾಮಿ ಮೊದಲೇ ಬಂದು ನಿಂತಿರುತ್ತಿದ್ದರು, ಜನ ನಗುವುದು ತಡವಾದರೆ ತಾವೇ ಶುರು ಮಾಡಲು.

ಹೋಳಿ ಮುಗಿದ ಮೇಲೆ ಬೀರಣ್ಣ ತಾನಾಗಿ ಮಾಮಾನ ಜಗಲಿಗೆ ಬಂದ. "ಬರೂ ವರ್ಷವೂ ಕಿಟಕಿಯೇ ಇರ್ಲಿ. ನೀವೇ ಕೂತ್ಕಳ್ಳಿ, ನಿಮ್ಮ ಹಂಗೆ ಕೂತ್ಕಳ್ಳೂಕೆ ಯಾರಿಗೂ ಬರೂದಿಲ್ಲ."

"ನಾ ಕೂರೂದಿಲ್ಲ" ಎಂದರು ಮಾಮಾ. "ಅದರಲ್ಲಿ ಕೂತು ಆಯ್ತು. ಬರೂ ಸಲ ನೀ ಕೂತ್ಕ. ಕಿಟಕಿ ಮುರಿಯೂ ಹುಡುಗಿ ವೇಷ ಒಂದು ಬೇಕಲ್ಲ, ಅದು ನಂದು."

ಬೀರಣ್ಣ ಅವರ ಬೋಳು ತಲೆ ನೋಡಿದ. "ಹುಡುಗಿ ವಯಸ್ಸೆಷ್ಟು?"

"ಹದಿನಾರು."

ಬರಿಯ ಮಾತೆಂದು ನಾನು ಎಣಿಸಿದ್ದೆ. ಮರುವರ್ಷ ಹೋಳಿಯ ದಿನ ಅವರ ಮನೆಗೆ ಹೋದರೆ, ಮಾಮಿ ಜಗಲಿಯಲ್ಲಿ ಗಂಡನನ್ನು ಮಣೆಯ ಮೇಲೆ ಕೂರಿಸಿಕೊಂಡು, ಚೌರಿ ಕೂದಲಿನ ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟುತ್ತಿದ್ದರು. "ಅಲ್ಲಾಡ್ಬೇಡಿ, ಪಿನ್ ಚುಚ್ಚೀತು" ಎಂದು ಗದರುತ್ತಿದ್ದರು. ಮೊಣಕಾಲಿನ ಕೆಳಗೆ ಇಳಿವ ನೀಲಿ ಲಂಗ, ಬಿಳಿ ಅಂಗಿ.

ಪೇಟೆಯಲ್ಲಿ ಕಿಟಕಿಯ ಹಿಂದೆ ಬೀರಣ್ಣ ಎಲೆ ಅಡಿಕೆ ಜಗಿಯುತ್ತ ಕೂತು, "ಸಾಲಲ್ಲಿ ಬನ್ನಿ!" ಎಂದು ಅಬ್ಬರಿಸಿದ. ಎರಡು ಜಡೆಯ ಮಾಮಾ ಬಸ್ ಸ್ಟ್ಯಾಂಡಿನ ಕಡೆಯಿಂದ ಓಡಿ ಬಂದರು. ನಿಜವಾಗಿ ಓಡಿದರು. ಮಂಡಿ ನೋವಿನವರು, ಬಸ್ಸು ಹತ್ತುವಾಗ ನನ್ನ ಹೆಗಲು ಹಿಡಿಯುತ್ತಿದ್ದವರು, ಲಂಗ ಎತ್ತಿ ಹಿಡಿದು ಅಂಕೋಲೆಯ ನಡುರಸ್ತೆಯಲ್ಲಿ ಓಡಿದರು. ಎರಡೂ ಬದಿಯ ಜನ "ಹೋಯ್! ಹುಡುಗಿ ಬಂತು! ಬಿಡ್ರೋ, ದಾರಿ ಬಿಡ್ರೋ!" ಎಂದು ಕೂಗುತ್ತ ಸರಿದರು. ಮಾಮಾ ಎರಡು ಕೈಯಲ್ಲೂ ಚೌಕಟ್ಟು ಹಿಡಿದು ಕಿತ್ತು ತಲೆಯ ಮೇಲೆ ಎತ್ತಿದಾಗ, ಅದರೊಳಗಿನಿಂದ ಕಂಡದ್ದು ಬರಿಯ ಆಕಾಶ, ಅದರ ಕೆಳಗೆ ಹಲ್ಲು ಬಿಟ್ಟು ನಗುತ್ತಿದ್ದ ಒಂದು ಹದಿನಾರರ ಮುಖ.